ಒಲೆ, ಎಣ್ಣೆ, ಬಿಸಿನೀರು: ಮೈ ಸುಟ್ಟಾಗ ಪದೇ ಪದೇ ಕೇಳುವ ಪ್ರಶ್ನೆಗಳು

ತಾಲ್ಲೂಕು ಆಸ್ಪತ್ರೆಯೊಂದರ ಡ್ರೆಸಿಂಗ್ ರೂಮಿನಲ್ಲಿ ವರ್ಷಗಟ್ಟಲೆ ಕೆಲಸ ಮಾಡಿದವಳು ನಾನು. ಸುಟ್ಟ ಗಾಯ ಅಂತ ಬಂದ ಎಷ್ಟೋ ಜನರ ಗಾಯ ಮೊದಲು ನನ್ನ ಕಣ್ಣಿಗೆ ಬೀಳುತ್ತಲೇ ಇರಲಿಲ್ಲ. ಅದರ ಮೇಲೆ ಟೂತ್‌ಪೇಸ್ಟ್, ಅರಿಶಿನ, ಇಂಕು, ದೋಸೆ ಹಿಟ್ಟು, ಏನಾದರೊಂದು ಮೆತ್ತಿರುತ್ತಿತ್ತು. "ನೀರು ಹಾಕಿದ್ರಾ?" ಅಂತ ಕೇಳಿದರೆ, "ಅಯ್ಯೋ, ನೀರು ಹಾಕಿದ್ರೆ ಬೊಬ್ಬೆ ಬರಲ್ವಾ ಸಿಸ್ಟರ್?" ಅಂತ ನನ್ನನ್ನೇ ಕೇಳುತ್ತಿದ್ದರು. ಹಾಗಾಗಿ ಅಲ್ಲಿಂದಲೇ ಶುರು ಮಾಡುತ್ತೇನೆ.

ನೀರು ಹಾಕಿದರೆ ಬೊಬ್ಬೆ ಬರುತ್ತದಂತೆ, ನಿಜವಾ?

ಇಲ್ಲ. ಬೊಬ್ಬೆ ಬರುವುದು ಬಿಸಿಯಿಂದ. ಚರ್ಮದ ಮೇಲಿನ ಪದರ ಕೆಳಗಿನದರಿಂದ ಬಿಟ್ಟುಕೊಂಡು, ನಡುವೆ ನೀರು ತುಂಬಿಕೊಳ್ಳುತ್ತದೆ. ಇದಕ್ಕೆ ಸ್ವಲ್ಪ ಹೊತ್ತು ಬೇಕು. ಅಷ್ಟರಲ್ಲಿ ನೀವು ಕೈ ತೊಳೆದಿರುತ್ತೀರಿ. ಬೊಬ್ಬೆ ಎದ್ದಾಗ ತಪ್ಪು ನೀರಿನ ತಲೆಗೆ ಬರುತ್ತದೆ. ನಿಜ ಹೇಳಬೇಕೆಂದರೆ, ಹಾಕದೇ ಇದ್ದಿದ್ದರೆ ಗಾಯ ಇನ್ನೂ ಆಳಕ್ಕೆ ಹೋಗುತ್ತಿತ್ತು.

ಹಾಗಾದರೆ ಸುಟ್ಟ ತಕ್ಷಣ ಏನು ಮಾಡಬೇಕು?

ನಲ್ಲಿ ತಿರುಗಿಸಿ. ಸುಟ್ಟ ಜಾಗವನ್ನು ಹರಿಯುವ ನೀರಿನ ಕೆಳಗೆ 20 ನಿಮಿಷ ಹಿಡಿಯಿರಿ. ಗಡಿಯಾರ ನೋಡಿಕೊಂಡು 20 ನಿಮಿಷ. ಉರಿ ಕಡಿಮೆಯಾಯಿತು ಅಂತ ಎರಡೇ ನಿಮಿಷಕ್ಕೆ ಕೈ ತೆಗೆದುಬಿಡುವವರೇ ಜಾಸ್ತಿ.

ಯಾಕೆ ಅಷ್ಟು ಹೊತ್ತು? ಅನ್ನದ ಪಾತ್ರೆಯನ್ನು ಒಲೆಯಿಂದ ಇಳಿಸಿದ ಮೇಲೂ ಒಳಗೆ ಅಗುಳು ಬೇಯುತ್ತಲೇ ಇರುತ್ತದಲ್ಲ, ಚರ್ಮವೂ ಹಾಗೆಯೇ. ಬಾಣಲೆಯಿಂದ ಕೈ ತೆಗೆದರೂ ಒಳಗೆ ಸೇರಿದ ಬಿಸಿ ಕೆಳಕೆಳಗೆ ಇಳಿಯುತ್ತಿರುತ್ತದೆ. ಅದನ್ನು ಹೊರಗೆಳೆಯುವ ಕೆಲಸ ನೀರಿನದು. ಉರಿ ಇಳಿಯುತ್ತದೆ, ಊತ ಕಡಿಮೆಯಾಗುತ್ತದೆ, ಆಳಕ್ಕೆ ಹೋಗಬೇಕಾದ ಗಾಯ ಮೇಲೆಯೇ ನಿಲ್ಲಬಹುದು. ಸುಟ್ಟು 3 ಗಂಟೆಯೊಳಗೆ ಯಾವಾಗ ಹಾಕಿದರೂ ಉಪಯೋಗ ಇದೆ. ಗಾಬರಿಯಲ್ಲಿ ಮರೆತಿದ್ದರೆ ಈಗಲಾದರೂ ಹಾಕಿ.

ನಲ್ಲಿಯಲ್ಲಿ ನೀರಿಲ್ಲದಿದ್ದರೆ ಚೊಂಬಿನಲ್ಲಿ ಮೊಗೆದು ಸುರಿಯುತ್ತಾ ಇರಿ. ಬಕೆಟ್‌ನಲ್ಲಿ ಕೈ ಅದ್ದಿಕೊಂಡು ಕೂರಬಹುದು, ಬೆಚ್ಚಗಾದರೆ ನೀರು ಬದಲಿಸಿ. ಅದೂ ಇಲ್ಲ ಅಂದರೆ ಒದ್ದೆ ಬಟ್ಟೆ ಇಟ್ಟು ಆಗಾಗ ಬದಲಿಸಿ. ಇನ್ನೊಂದು ಮಾತು ಕಲಬುರಗಿ, ರಾಯಚೂರು ಕಡೆಯವರಿಗೆ: ಏಪ್ರಿಲ್, ಮೇ ತಿಂಗಳ ಮಧ್ಯಾಹ್ನ ಮಾಳಿಗೆ ಮೇಲಿನ ಟ್ಯಾಂಕಿನ ನೀರೇ ಕಾದಿರುತ್ತದೆ. ಅದನ್ನು ಗಾಯದ ಮೇಲೆ ಬಿಡಬೇಡಿ. ಕೊಡದಲ್ಲಿ ಇಟ್ಟ ನೀರು ಬಳಸಿ.

ನೀರು ಬಿಡುತ್ತಿರುವಾಗಲೇ ಬಳೆ, ಉಂಗುರ, ವಾಚು, ಕಾಲುಂಗುರ ತೆಗೆದುಬಿಡಿ. ಒಂದು ಗಂಟೆಯಲ್ಲಿ ಬೆರಳು ಊದಿಕೊಂಡರೆ ಉಂಗುರವನ್ನು ಕತ್ತರಿಸಿಯೇ ತೆಗೆಯಬೇಕಾಗುತ್ತದೆ. ಚಿನ್ನದ್ದಾದರೆ ಆಮೇಲೆ ಆ ಸಂಕಟ ಬೇರೆ.

ಫ್ರಿಜ್‌ನ ಐಸ್ ಇಟ್ಟರೆ ಬೇಗ ತಣ್ಣಗಾಗುವುದಿಲ್ಲವಾ?

ತಣ್ಣಗಾಗುತ್ತದೆ, ಜೊತೆಗೆ ಚರ್ಮವೂ ಕೆಡುತ್ತದೆ. ಅತಿ ತಣ್ಣಗಾದರೆ ರಕ್ತನಾಳಗಳು ಮುದುಡಿಕೊಂಡು, ಮೊದಲೇ ನೊಂದ ಜಾಗಕ್ಕೆ ರಕ್ತ ಹೋಗುವುದು ಕಡಿಮೆಯಾಗುತ್ತದೆ. ಐಸ್ ಬೇಡ. ಸಾಮಾನ್ಯ ತಣ್ಣೀರು ಸಾಕು.

ಟೂತ್‌ಪೇಸ್ಟ್, ಅರಿಶಿನ, ತುಪ್ಪ, ಇಂಕು... ಇವುಗಳಲ್ಲಿ ಯಾವುದು ಒಳ್ಳೆಯದು?

ಯಾವುದೂ ಅಲ್ಲ. ಆದರೆ ಇವನ್ನು ಹಚ್ಚುವವರನ್ನು ನಾನು ಬೈಯುವುದಿಲ್ಲ. ಉರಿಯುವಾಗ ಏನೋ ಒಂದು ತಂಪಾಗಿದ್ದರೆ ಸಾಕು ಅನ್ನಿಸುತ್ತದೆ. ಪೇಸ್ಟ್‌ನಲ್ಲಿರುವ ಪುದೀನಾದ ಅಂಶ ತಂಪು ಅನ್ನಿಸುವಂತೆ ಮಾಡುತ್ತದೆ, ಬಿಸಿಯನ್ನು ಮಾತ್ರ ತೆಗೆಯುವುದಿಲ್ಲ. ಮೇಲಾಗಿ ಅದು ಒಣಗಿ ಚರ್ಮಕ್ಕೆ ಗಟ್ಟಿಯಾಗಿ ಹಿಡಿದುಕೊಳ್ಳುತ್ತದೆ. ಅದನ್ನು ಬಿಡಿಸುವಾಗ ಬೊಬ್ಬೆಯೂ ಕಿತ್ತುಬರುತ್ತದೆ. ಆಗ ಕೇಳಿದ ಮಕ್ಕಳ ಕೂಗು ಇವತ್ತಿಗೂ ನನ್ನ ಕಿವಿಯಲ್ಲಿದೆ.

ತುಪ್ಪ, ಎಣ್ಣೆ, ಬೆಣ್ಣೆ ಬಿಸಿಯನ್ನು ಒಳಗೇ ಮುಚ್ಚಿಡುತ್ತವೆ. ದೋಸೆ ಹಿಟ್ಟು ಹುಳಿ ಬಂದಿರುವುದೇ ಅದರಲ್ಲಿರುವ ಸೂಕ್ಷ್ಮಜೀವಿಗಳಿಂದ. ಅದನ್ನು ತೆರೆದ ಗಾಯಕ್ಕೆ ಹಚ್ಚಿದರೆ ಏನಾಗುತ್ತದೆ ಅಂತ ನೀವೇ ಯೋಚಿಸಿ. ಹಸಿ ಮೊಟ್ಟೆಯದೂ ಅದೇ ಕಥೆ. ಅರಿಶಿನ ಮತ್ತು ಇಂಕಿನ ಇನ್ನೊಂದು ತೊಂದರೆ ಬಣ್ಣ. ಕೆಳಗಿನ ಚರ್ಮ ಕೆಂಪಗಿದೆಯೋ ಬೆಳ್ಳಗಿದೆಯೋ ಡಾಕ್ಟರಿಗೆ ಕಾಣುವುದಿಲ್ಲ. ಗಾಯ ಎಷ್ಟು ಆಳ ಅಂತ ಹೇಳುವುದೇ ಆ ಬಣ್ಣ.

ಮನೆಮದ್ದು ಅಂದರೆ ಎಲ್ಲವೂ ಸುಳ್ಳು ಅಂತ ನಾನು ಹೇಳುತ್ತಿಲ್ಲ. 1980ರ ದಶಕದಲ್ಲಿ ಮುಂಬೈನ ವೈದ್ಯರು ಬೇಯಿಸಿದ ಆಲೂಗಡ್ಡೆ ಸಿಪ್ಪೆಯನ್ನೇ ಸುಟ್ಟ ಗಾಯಕ್ಕೆ ಡ್ರೆಸಿಂಗ್ ಮಾಡಿ ಬಳಸಿದ್ದರು. ಬಾಳೆಲೆಯನ್ನೂ ಹೀಗೆ ಬಳಸಿದ್ದುಂಟು. ಆದರೆ ಅವನ್ನು ಆಸ್ಪತ್ರೆಯಲ್ಲಿ ಕ್ರಿಮಿ ಇಲ್ಲದಂತೆ ಶುದ್ಧಮಾಡಿ, ಗಾಯ ಅಂಟಿಕೊಳ್ಳದಿರಲಿ ಅಂತ ಹಾಕುತ್ತಿದ್ದರು. ಹಸಿ ಆಲೂಗಡ್ಡೆ ತುರಿದು ಮೆತ್ತುವುದು ಬೇರೆ, ಇದು ಬೇರೆ.

ಬರ್ನಾಲ್ ಹಚ್ಚಬಹುದಾ? ಬೆಳ್ಳಿ ಅಂಶದ ಬಿಳಿ ಮುಲಾಮು?

ಬರ್ನಾಲ್ ಕ್ರಿಮಿನಾಶಕ ಮುಲಾಮು. ಅದು ಬಿಸಿ ಇಳಿಸುವುದಿಲ್ಲ. ನೀರು ಹಾಕುವ ಮೊದಲು ಖಂಡಿತ ಬೇಡ. ಡಾಕ್ಟರಿಗೆ ತೋರಿಸಬೇಕಾದ ಗಾಯಕ್ಕೂ ಬೇಡ, ಅದರ ಹಳದಿ ಬಣ್ಣ ಗಾಯವನ್ನು ಮುಚ್ಚುತ್ತದೆ. ಸಿಲ್ವರ್ ಸಲ್ಫಾಡಯಾಜಿನ್ ಅನ್ನುವ ಬಿಳಿ ಮುಲಾಮನ್ನು ಮೆಡಿಕಲ್ ಶಾಪಿನವರು ಕೇಳಿದ ಕೂಡಲೇ ಕೊಡುತ್ತಾರೆ. ಅದನ್ನು ಡಾಕ್ಟರ್ ಹೇಳಿದರೆ ಮಾತ್ರ ಹಚ್ಚಿ. ಸಲ್ಫಾ ಔಷಧಿ ಆಗದವರಿಗೆ, ತಿಂಗಳು ತುಂಬಿದ ಗರ್ಭಿಣಿಯರಿಗೆ, ಎಳೆ ಕೂಸುಗಳಿಗೆ ಅದು ಆಗುವುದಿಲ್ಲ. ಸಣ್ಣಪುಟ್ಟ ಗಾಯ ಅದಿಲ್ಲದೆಯೇ ಚೆನ್ನಾಗಿ ಒಣಗುತ್ತದೆ.

ಗಾಯ ಎಷ್ಟು ಆಳವಾಗಿದೆ ಅಂತ ಮನೆಯಲ್ಲಿ ಗೊತ್ತಾಗುತ್ತಾ?

ಒಂದು ಮಟ್ಟಿಗೆ ಗೊತ್ತಾಗುತ್ತದೆ. ಬಣ್ಣ, ಬೊಬ್ಬೆ, ನೋವು, ಈ ಮೂರನ್ನು ನೋಡಿ.

ಬರೀ ಕೆಂಪಗಾಗಿ, ಮುಟ್ಟಿದರೆ ಉರಿದು, ಬೊಬ್ಬೆ ಇಲ್ಲದಿದ್ದರೆ ಮೇಲಿನ ಪದರ ಮಾತ್ರ ಸುಟ್ಟಿದೆ. ಕಪ್ಪು ಮೈಬಣ್ಣದವರಲ್ಲಿ ಈ ಕೆಂಪು ಸರಿಯಾಗಿ ಕಾಣುವುದಿಲ್ಲ. ಅಕ್ಕಪಕ್ಕದ ಚರ್ಮದ ಜೊತೆ ಹೋಲಿಸಿ, ಮುಟ್ಟಿ ಬಿಸಿ ನೋಡಿ. ಒಂದು ವಾರದೊಳಗೆ ಸಿಪ್ಪೆ ಸುಲಿದು ವಾಸಿಯಾಗುತ್ತದೆ. ಒಗ್ಗರಣೆ ಸಿಡಿದಾಗ ಆಗುವ ಚುಕ್ಕೆಗಳು ಬಹುಮಟ್ಟಿಗೆ ಇದೇ ಜಾತಿ.

ಬೊಬ್ಬೆ ಎದ್ದು, ಕೆಳಗೆ ಗುಲಾಬಿ ಬಣ್ಣದ ಒದ್ದೆ ಚರ್ಮ ಇದ್ದು, ಗಾಳಿ ತಾಗಿದರೂ ಜೀವ ಹೋಗುವಷ್ಟು ನೋವಿದ್ದರೆ ಎರಡನೇ ಪದರಕ್ಕೆ ಬಿಸಿ ಇಳಿದಿದೆ. ಮೇಲುಮೇಲಿನದಾದರೆ ಎರಡು, ಮೂರು ವಾರದಲ್ಲಿ ಆರುತ್ತದೆ. ಚಿಕ್ಕದಾದರೆ ಮನೆಯಲ್ಲೇ ನೋಡಿಕೊಳ್ಳಬಹುದು.

ಜನ ಮೋಸ ಹೋಗುವುದು ಮೂರನೆಯದರಲ್ಲಿ. ಚರ್ಮ ಬೆಳ್ಳಗೆ ಮೇಣದ ಹಾಗೋ, ಕಂದಾಗಿ ಚಕ್ಕಳದ ಹಾಗೋ, ಇದ್ದಿಲಿನ ಹಾಗೆ ಕಪ್ಪಗೋ ಆಗಿರುತ್ತದೆ. ಒಣಗಿರುತ್ತದೆ. ಮುಟ್ಟಿದರೆ ನೋವೇ ಇಲ್ಲ. "ನೋವಿಲ್ಲ ಸಿಸ್ಟರ್, ಪರವಾಗಿಲ್ಲ ಅಂತ ಸುಮ್ನೆ ಇದ್ವಿ" ಅನ್ನುತ್ತಿದ್ದರು. ನೋವು ತಿಳಿಸುವ ನರಗಳೇ ಸುಟ್ಟುಹೋದ ಮೇಲೆ ನೋವು ಎಲ್ಲಿಂದ ಬರಬೇಕು? ಇದು ತಾನಾಗಿ ಸರಿಯಾಗಿ ಆರುವುದಿಲ್ಲ. ಎಷ್ಟೋ ಸಲ ಬೇರೆ ಕಡೆಯ ಚರ್ಮ ತೆಗೆದು ಕಸಿ ಮಾಡಬೇಕಾಗುತ್ತದೆ. ನೋವಿಲ್ಲದ ಸುಟ್ಟ ಗಾಯ ಕಂಡರೆ ಅವತ್ತೇ ಆಸ್ಪತ್ರೆಗೆ ಹೊರಡಿ.

ಒಂದೇ ಗಾಯದಲ್ಲಿ ಈ ಮೂರೂ ಇರಬಹುದು. ಮೊದಲ ದಿನ ಮೇಲುಮೇಲಿನದು ಅನ್ನಿಸಿದ್ದು ಮೂರನೇ ದಿನ ಆಳವಾಗಿ ಕಾಣಬಹುದು. ಹಾಗಾಗಿ ದಿನಾ ಒಮ್ಮೆ ಬೆಳಕಿನಲ್ಲಿ ನೋಡಿ.

ಯಾವಾಗ ಮನೆಮದ್ದು ಬಿಟ್ಟು ಆಸ್ಪತ್ರೆಗೆ ಹೋಗಬೇಕು?

ಅಳತೆಗೆ ಒಂದು ಸುಲಭ ಉಪಾಯ ಇದೆ. ಸುಟ್ಟವರ ಅಂಗೈ, ಬೆರಳುಗಳೂ ಸೇರಿ, ಅವರ ಮೈಯ ಸುಮಾರು 1 ಶೇಕಡಾ. ಮಗು ಸುಟ್ಟುಕೊಂಡರೆ ಮಗುವಿನ ಅಂಗೈ ಲೆಕ್ಕ, ನಿಮ್ಮದಲ್ಲ. ಬೊಬ್ಬೆ ಎದ್ದ ಜಾಗ ಅಂಗೈಗಿಂತ ದೊಡ್ಡದಾದರೆ ಡಾಕ್ಟರಿಗೆ ತೋರಿಸಿ. ಮಕ್ಕಳಲ್ಲಿ ಸುಮಾರು 10 ಶೇಕಡಾ, ದೊಡ್ಡವರಲ್ಲಿ 15 ಶೇಕಡಾ ದಾಟಿದರೆ ಮೈಯ ನೀರು ಸೋರಿಹೋಗಿ ಜೀವಕ್ಕೇ ಅಪಾಯ, ಡ್ರಿಪ್ ಹಾಕಲೇಬೇಕು.

ಅಳತೆ ಚಿಕ್ಕದಾದರೂ ಮುಖ, ಕೈ, ಪಾದ, ಗುಪ್ತಾಂಗ, ಕೀಲುಗಳ ಮೇಲೆ ಸುಟ್ಟಿದ್ದರೆ ತೋರಿಸಿ. ಬೆರಳನ್ನೋ ತೋಳನ್ನೋ ಬಳೆಯ ಹಾಗೆ ಸುತ್ತುವರಿದ ಗಾಯವನ್ನು ಬಿಡಲೇಬೇಡಿ, ಊತ ಬಂದರೆ ರಕ್ತ ಓಡಾಟ ನಿಲ್ಲಬಹುದು. ಕರೆಂಟ್, ಆಸಿಡ್‌ನಿಂದ ಆದ ಗಾಯ, ಹಸುಗೂಸು, ವಯಸ್ಸಾದವರು, ಗರ್ಭಿಣಿಯರು, ಶುಗರ್ ಇರುವವರ ಗಾಯ, ಇವು ಯಾವುದನ್ನೂ ಮನೆಯಲ್ಲಿ ಇಟ್ಟುಕೊಂಡು ಕೂರುವುದು ಬೇಡ. ಮುಚ್ಚಿದ ಕೋಣೆಯಲ್ಲಿ ಹೊಗೆ ಕುಡಿದವರ ಮೂಗಿನ ಕೂದಲು ಸುಟ್ಟಿದ್ದರೆ, ದನಿ ಒಡೆದಿದ್ದರೆ, ಕಫದಲ್ಲಿ ಮಸಿ ಬಂದರೆ, ಮೈಮೇಲೆ ಗಾಯ ಇಲ್ಲದಿದ್ದರೂ ಆಂಬ್ಯುಲೆನ್ಸ್ ಕರೆಯಿರಿ. ಗಂಟಲು ಊದಿಕೊಳ್ಳಲು ಹೆಚ್ಚು ಹೊತ್ತು ಬೇಡ.

108ಕ್ಕೆ ಫೋನ್ ಮಾಡಿ. ಬೆಂಗಳೂರಿನ ವಿಕ್ಟೋರಿಯಾ ಆಸ್ಪತ್ರೆಯಲ್ಲಿ ಸುಟ್ಟ ಗಾಯಗಳಿಗೇ ಬೇರೆ ವಿಭಾಗ ಇದೆ. ಬೇರೆ ಊರಿನವರು ಮೊದಲು ಹತ್ತಿರದ ಸರ್ಕಾರಿ ಆಸ್ಪತ್ರೆಗೆ ಹೋಗಿ ಡ್ರಿಪ್ ಹಾಕಿಸಿಕೊಂಡು ಮುಂದಕ್ಕೆ ಹೋಗುವುದು ಒಳ್ಳೆಯದು. ಅಷ್ಟು ದೂರ ಬರಿಗೈಲಿ ಕಾರಿನಲ್ಲಿ ಓಡಬೇಡಿ.

ಆಸ್ಪತ್ರೆಗೆ ಹೋದರೆ ಪೊಲೀಸ್ ಕೇಸ್ ಆಗುತ್ತದಂತೆ?

ದೊಡ್ಡ ಸುಟ್ಟ ಗಾಯಗಳನ್ನು ಆಸ್ಪತ್ರೆಯವರು ಎಂಎಲ್‌ಸಿ (ಕಾನೂನಿಗೆ ಸಂಬಂಧಿಸಿದ ವೈದ್ಯಕೀಯ ಪ್ರಕರಣ) ಅಂತ ಬರೆದುಕೊಂಡು ಪೊಲೀಸರಿಗೆ ತಿಳಿಸುತ್ತಾರೆ. ಅದು ನಿಯಮ, ನಿಮ್ಮ ಮೇಲಿನ ಆರೋಪ ಅಲ್ಲ. ಚಿಕಿತ್ಸೆ ಅದಕ್ಕಾಗಿ ಕಾಯುವುದಿಲ್ಲ. ಈ ಹೆದರಿಕೆಗೆ ಸೊಸೆಯಂದಿರನ್ನು ಎರಡೆರಡು ದಿನ ಮನೆಯಲ್ಲೇ ಮಲಗಿಸಿಕೊಂಡಿದ್ದವರನ್ನು ನೋಡಿದ್ದೇನೆ. ಹೆಚ್ಚು ಹೇಳಲಾರೆ. ಯಾರೋ ಬೇಕಂತಲೇ ಸುಟ್ಟಿದ್ದರೆ, ಡ್ರೆಸಿಂಗ್ ಮಾಡುವಾಗ ನರ್ಸ್ ಕಿವಿಯಲ್ಲಿ ಹೇಳಿದರೂ ಸಾಕು.

ಬೊಬ್ಬೆ ಒಡೆಯಬೇಕಾ?

ಬೇಡ. ಅದು ಮೈಯೇ ಹಾಕಿಕೊಂಡ ಬ್ಯಾಂಡೇಜು. ಸೂಜಿ ಕಾಯಿಸಿ ಚುಚ್ಚುವ ಅಜ್ಜಿಯಂದಿರನ್ನು ನಯವಾಗಿ ತಡೆಯಿರಿ. ತಾನಾಗಿ ಒಡೆದರೆ ಸೋಪು, ನೀರಿನಿಂದ ಮೆಲ್ಲಗೆ ತೊಳೆದು ಮುಚ್ಚಿ, ಸಿಪ್ಪೆ ಕೀಳಬೇಡಿ. ತುಂಬಾ ದೊಡ್ಡದಾಗಿ, ಕೀಲಿನ ಮೇಲೆ ಬಿಗಿಯುತ್ತಿದ್ದರೆ ಆಸ್ಪತ್ರೆಯಲ್ಲಿ ಅವರೇ ಶುದ್ಧವಾಗಿ ತೆಗೆಯುತ್ತಾರೆ.

ಮನೆಯಲ್ಲಿ ಕಟ್ಟು ಹೇಗೆ ಹಾಕುವುದು?

20 ನಿಮಿಷ ನೀರು ಮುಗಿದ ಮೇಲೆ, ಆಸ್ಪತ್ರೆಗೆ ಹೋಗುವುದಿದ್ದರೆ ಏನೂ ಹಚ್ಚದೆ, ಚಪಾತಿ ಮುಚ್ಚಿಡುವ ಪಾರದರ್ಶಕ ಪ್ಲಾಸ್ಟಿಕ್ ಹಾಳೆಯನ್ನು ಗಾಯದ ಮೇಲೆ ಸಡಿಲವಾಗಿ ಹಾಸಿ. ಸುತ್ತಬೇಡಿ, ಬಿಗಿಯಾಗುತ್ತದೆ. ಅದಿಲ್ಲದಿದ್ದರೆ ಒಗೆದ ಹತ್ತಿ ಪಂಚೆ ಸಾಕು.

ಮನೆಯಲ್ಲೇ ನೋಡಿಕೊಳ್ಳುವ ಚಿಕ್ಕ ಗಾಯಕ್ಕೆ ತೆಳ್ಳಗೆ ಪೆಟ್ರೋಲಿಯಂ ಜೆಲ್ಲಿ ಹಚ್ಚಿ, ಅಂಟಿಕೊಳ್ಳದ ಗಾಜ್ (ಬಲೆಯಂಥ ತೆಳು ಬಟ್ಟೆ) ಇಟ್ಟು, ಬ್ಯಾಂಡೇಜನ್ನು ಸಡಿಲವಾಗಿ ಸುತ್ತಿ. ಹತ್ತಿಯನ್ನು ನೇರವಾಗಿ ಇಡಬೇಡಿ, ಎಳೆಗಳು ಗಾಯಕ್ಕೆ ಅಂಟುತ್ತವೆ. ಬೆರಳುಗಳು ಸುಟ್ಟಿದ್ದರೆ ಪ್ರತಿ ಬೆರಳನ್ನೂ ಬೇರೆ ಬೇರೆ ಸುತ್ತಿ, ಇಲ್ಲದಿದ್ದರೆ ಒಂದಕ್ಕೊಂದು ಕೂಡಿಕೊಳ್ಳುವ ಭಯ ಇದೆ. ಬ್ಯಾಂಡೇಜ್ ಅಂಟಿದ್ದರೆ ನೀರಿನಲ್ಲಿ ನೆನೆಸಿ ಬಿಡಿಸಿ.

ದಿನ ಕಳೆದಂತೆ ನೋವು ಹೆಚ್ಚಾದರೆ, ಸುತ್ತಲೂ ಕೆಂಪು ಹಬ್ಬಿದರೆ, ಕೀವು, ವಾಸನೆ, ಜ್ವರ ಬಂದರೆ ಕ್ರಿಮಿ ಸೇರಿದೆ. ಮಕ್ಕಳಿಗೆ ಸಣ್ಣ ಗಾಯವೇ ಆದರೂ ಜ್ವರದ ಜೊತೆ ಮೈಮೇಲೆ ಗಂಧೆ, ವಾಂತಿ, ಭೇದಿ ಶುರುವಾದರೆ ರಾತ್ರಿಯಾದರೂ ಸರಿ, ಹೊರಡಿ. ಸೋಂಕು ಬರದಿರಲಿ ಅಂತ ಮುಂಚೆಯೇ ಆಂಟಿಬಯೋಟಿಕ್ ನುಂಗುವುದರಲ್ಲಿ ಅರ್ಥ ಇಲ್ಲ.

ನೋವಿಗೆ ಏನು ಕೊಡಬಹುದು? ಧನುರ್ವಾಯುವಿನ ಟಿಟಿ ಇಂಜೆಕ್ಷನ್ ಬೇಕಾ?

ಪ್ಯಾರಸಿಟಮಾಲ್ ಸಾಕು. ಮಕ್ಕಳಿಗೆ ತೂಕ ನೋಡಿ ಕೊಡಬೇಕು, ಆಸ್ಪಿರಿನ್ ಕೊಡಬಾರದು. ಬೊಬ್ಬೆ ಅಥವಾ ಅದಕ್ಕಿಂತ ಆಳದ ಗಾಯ ಆಗಿದ್ದು, ಕೊನೆಯ ಟಿಟಿ ತೆಗೆದುಕೊಂಡು 5 ವರ್ಷ ದಾಟಿದ್ದರೆ, ಅಥವಾ ಯಾವಾಗ ತೆಗೆದುಕೊಂಡಿದ್ದು ಅಂತ ನೆನಪಿಲ್ಲದಿದ್ದರೆ, ಡಾಕ್ಟರನ್ನು ಕೇಳಿ ಹಾಕಿಸಿಕೊಳ್ಳಿ.

ಮಗು ಬಿಸಿ ಕಾಫಿ, ಸಾರು ಮೈಮೇಲೆ ಸುರಿದುಕೊಂಡರೆ?

ಬಟ್ಟೆ ಬಿಚ್ಚಿ, ಡೈಪರ್ ಸಮೇತ. ಡೈಪರ್ ಬಿಸಿನೀರನ್ನು ಹೀರಿಕೊಂಡು ಮಗುವಿನ ಮೈಗೇ ಒತ್ತಿಹಿಡಿಯುತ್ತದೆ. ಉಡಿದಾರವನ್ನೂ ಕತ್ತರಿಸಿ. ಬಟ್ಟೆ ಚರ್ಮಕ್ಕೆ ಅಂಟಿದ್ದರೆ ಮಾತ್ರ ಎಳೆಯಬೇಡಿ, ಸುತ್ತ ಕತ್ತರಿಸಿ ಬಿಡಿ. ಸುಟ್ಟ ಜಾಗಕ್ಕೆ ಮಾತ್ರ ನೀರು ಬಿಡಿ, ಉಳಿದ ಮೈಯನ್ನು ಟವೆಲ್‌ನಲ್ಲಿ ಬೆಚ್ಚಗೆ ಸುತ್ತಿ. ಇಡೀ ಮಗುವನ್ನು ತಣ್ಣೀರಿನ ಟಬ್ಬಿನಲ್ಲಿ ಮುಳುಗಿಸಿದರೆ ಮೈ ತಣ್ಣಗಾಗಿ ಇನ್ನೊಂದು ಅಪಾಯ.

ಮಕ್ಕಳ ಚರ್ಮ ತೆಳು. 60 ಡಿಗ್ರಿ ಸೆಲ್ಸಿಯಸ್ ನೀರು ದೊಡ್ಡವರ ಚರ್ಮವನ್ನೇ ಆಳವಾಗಿ ಸುಡಲು ಸುಮಾರು 5 ಸೆಕೆಂಡ್ ಸಾಕು, ಮಕ್ಕಳಿಗೆ ಅಷ್ಟೂ ಬೇಡ. ಸ್ನಾನದ ಬಕೆಟ್‌ಗೆ ಮೊದಲು ತಣ್ಣೀರು ಬಿಡಿ, ಆಮೇಲೆ ಬಿಸಿನೀರು ಬೆರೆಸಿ. ಬಚ್ಚಲಲ್ಲಿ ಬಿಸಿನೀರಿನ ಬಕೆಟ್ ಇಟ್ಟು ತಣ್ಣೀರು ತರಲು ಹೋದ ಆ ಅರ್ಧ ನಿಮಿಷದಲ್ಲಿ ಆದ ಅನಾಹುತಗಳೇ ನಾನು ಹೆಚ್ಚು ಕಂಡಿದ್ದು. ಆಮೇಲಿನದು ನೆಲದ ಮೇಲೆ ಇಳಿಸಿಟ್ಟ ಸಾಂಬಾರಿನ ಪಾತ್ರೆ, ಮದುವೆ ಮನೆಗಳಲ್ಲಂತೂ.

ಸೀರೆಗೆ ಬೆಂಕಿ ಹತ್ತಿದರೆ?

ಓಡಬೇಡಿ, ಗಾಳಿಗೆ ಬೆಂಕಿ ಎದ್ದುಕೊಳ್ಳುತ್ತದೆ. ನೆಲದ ಮೇಲೆ ಮಲಗಿ ಉರುಳಿ, ಮುಖವನ್ನು ಕೈಯಿಂದ ಮುಚ್ಚಿಕೊಳ್ಳಿ. ನೋಡಿದವರು ಕಂಬಳಿ ಹೊದಿಸಿ ಅದುಮಬೇಕು. ನಮ್ಮ ಕುರಿ ಉಣ್ಣೆಯ ಕರಿ ಕಂಬಳಿ ಇದಕ್ಕೆ ಹೇಳಿಮಾಡಿಸಿದ್ದು, ಉಣ್ಣೆ ಸುಲಭಕ್ಕೆ ಹೊತ್ತಿಕೊಳ್ಳುವುದಿಲ್ಲ. ಪಾಲಿಯೆಸ್ಟರ್ ಬೆಡ್‌ಶೀಟ್ ಬೇಡ, ಕರಗಿ ಮೈಗಂಟುತ್ತದೆ. ನೀರು ಸುರಿಯಬಹುದು. ಬಾಣಲೆಯ ಎಣ್ಣೆಗೆ ಬೆಂಕಿ ಹತ್ತಿದರೆ ಮಾತ್ರ ನೀರು ಹಾಕಲೇಬೇಡಿ, ಗ್ಯಾಸ್ ಆರಿಸಿ ತಟ್ಟೆ ಮುಚ್ಚಿ.

ಗ್ಯಾಸ್ ವಾಸನೆ ಬಂದರೆ ಸ್ವಿಚ್ ಮುಟ್ಟಬೇಡಿ, ಹಾಕುವುದೂ ಬೇಡ, ಆರಿಸುವುದೂ ಬೇಡ. ರೆಗ್ಯುಲೇಟರ್ ಬಂದ್ ಮಾಡಿ, ಕಿಟಕಿ, ಬಾಗಿಲು ತೆಗೆದು ಹೊರಗೆ ಬಂದು 1906ಕ್ಕೆ ಫೋನ್ ಮಾಡಿ. ಎಲ್‌ಪಿಜಿ ಗಾಳಿಗಿಂತ ಭಾರ, ನೆಲದ ಮೇಲೇ ಹರಡಿಕೊಂಡಿರುತ್ತದೆ.

ಆಸಿಡ್, ಸುಣ್ಣ, ಗೇರು ಸೊನೆ ತಾಗಿದರೆ?

ಟಾಯ್ಲೆಟ್ ತೊಳೆಯುವ ಆಸಿಡ್ ಬಿದ್ದರೆ ಬಟ್ಟೆ ಬಿಚ್ಚಿ, 20 ನಿಮಿಷಕ್ಕೂ ಜಾಸ್ತಿ ನೀರು ಹರಿಸಿ. ಸೋಡಾ ಹಾಕಿ ಸರಿಮಾಡುತ್ತೇನೆ ಅಂತ ಹೋಗಬೇಡಿ, ಅದರಿಂದ ಬಿಸಿ ಹುಟ್ಟಿ ಇನ್ನಷ್ಟು ಸುಡುತ್ತದೆ.

ಎಲೆಅಡಿಕೆಯ ಸುಣ್ಣ ಇವೆಲ್ಲಕ್ಕಿಂತ ಕೆಟ್ಟದ್ದು, ಅದೂ ಕಣ್ಣಿಗೆ. ಅಜ್ಜನ ಸುಣ್ಣದ ಪ್ಯಾಕೆಟ್ಟನ್ನು ಮಗು ಹಿಸುಕುತ್ತದೆ, ಅದು ಒಡೆದು ನೇರ ಕಣ್ಣಿಗೆ ಸಿಡಿಯುತ್ತದೆ. ಸುಣ್ಣ ಕ್ಷಾರ, ಕಣ್ಣಿನ ಒಳಕ್ಕೆ ಇಳಿಯುತ್ತಲೇ ಹೋಗುತ್ತದೆ. ತಕ್ಷಣ ರೆಪ್ಪೆ ಅಗಲಿಸಿ ಹಿಡಿದು, ಅರ್ಧ ಗಂಟೆ ನೀರು ಬಿಡಿ, ರೆಪ್ಪೆಯೊಳಗೆ ಕಂಡ ಬಿಳಿ ಚೂರುಗಳು ತೊಳೆದುಹೋಗಲಿ, ಆಮೇಲೆ ಕಣ್ಣಿನ ಆಸ್ಪತ್ರೆಗೆ ಓಡಿ. ಮೊದಲು ಆಸ್ಪತ್ರೆ ಅಂತ ಹೊರಟರೆ ದಾರಿಯಲ್ಲೇ ಕಣ್ಣು ಹೋಗಬಹುದು.

ಕರಾವಳಿಯವರಿಗೆ ಗೇರುಬೀಜದ ಸೊನೆ ಗೊತ್ತೇ ಇದೆ. ಬೀಜ ಸುಡುವಾಗ, ಸುಲಿಯುವಾಗ ಸಿಪ್ಪೆಯ ಎಣ್ಣೆ ತಾಗಿ ಚರ್ಮ ಕಪ್ಪಾಗಿ ಬೊಬ್ಬೆ ಬರುತ್ತದೆ. ಸೋಪು ಹಾಕಿ ಚೆನ್ನಾಗಿ ತೊಳೆಯಿರಿ. ಇನ್ನು ಬ್ಯಾಡಗಿ, ಗುಂಟೂರು ಮೆಣಸಿನಕಾಯಿ ಬಿಡಿಸಿದ ಕೈಯ ಉರಿ ಸುಟ್ಟ ಗಾಯವೇ ಅಲ್ಲ. ಖಾರ ನೀರಿಗೆ ಬಿಡುವುದಿಲ್ಲ, ಎಣ್ಣೆ ಸವರಿ ಆಮೇಲೆ ಸೋಪಿನಲ್ಲಿ ತೊಳೆದರೆ ಇಳಿಯುತ್ತದೆ.

ಹೀಟರ್ ಕಾಯಿಲ್‌ನಿಂದ ಶಾಕ್ ಹೊಡೆದು ಚಿಕ್ಕ ಗಾಯ ಆಗಿದೆ, ಸಾಕಾ?

ಸಾಲದು. ಕರೆಂಟ್ ಒಂದು ಕಡೆ ಒಳಗೆ ಹೋಗಿ ಇನ್ನೊಂದು ಕಡೆ ಹೊರಬರುತ್ತದೆ. ಹೊರಗೆ ಕಾಣುವುದು ಚುಕ್ಕೆ, ಒಳಗೆ ಮಾಂಸಖಂಡ ಸುಟ್ಟಿರಬಹುದು, ಹೃದಯದ ಬಡಿತ ತಪ್ಪಿರಬಹುದು. ಮೊದಲು ಮೇನ್ ಆರಿಸಿ, ಆಮೇಲೆ ಅವರನ್ನು ಮುಟ್ಟಿ. ಇಸಿಜಿ ಮಾಡಿಸಿ.

ಶುಗರ್ ಇದೆ. ಕಾಲು ಸುಟ್ಟಿದ್ದು ಗೊತ್ತೇ ಆಗಲಿಲ್ಲ.

ಇದು ತುಂಬಾ ಜನರ ಕಥೆ. ಶುಗರ್‌ನಿಂದ ಪಾದದ ನರಗಳು ಮಂಕಾಗಿರುತ್ತವೆ. ಕಾಲುನೋವಿಗೆ ಅಂತ ಬಿಸಿನೀರಲ್ಲಿ ಕಾಲಿಟ್ಟು ಕೂರುತ್ತಾರೆ, ಬಿಸಿನೀರಿನ ಚೀಲ ಇಟ್ಟುಕೊಂಡು ಮಲಗುತ್ತಾರೆ, ಮೇ ತಿಂಗಳಲ್ಲಿ ದೇವಸ್ಥಾನದ ಕಲ್ಲುಹಾಸಿನ ಮೇಲೆ ಬರಿಗಾಲಲ್ಲಿ ಸುತ್ತು ಹಾಕುತ್ತಾರೆ. ಸಂಜೆ ನೋಡಿದರೆ ಪಾದದ ತುಂಬ ಬೊಬ್ಬೆ. ಹರಕೆ ಹೊತ್ತು ಕೊಂಡ ಹಾಯುವವರಿಗೂ ಇದೇ ಮಾತು: ಶುಗರ್ ಇದ್ದರೆ ಹರಕೆಯನ್ನು ಬೇರೆ ರೀತಿಯಲ್ಲಿ ತೀರಿಸಿ, ದೇವರು ಕೋಪಿಸಿಕೊಳ್ಳುವುದಿಲ್ಲ. ನೀರಿನ ಬಿಸಿಯನ್ನು ಕಾಲಿನಿಂದಲ್ಲ, ಮೊಣಕೈಯಿಂದ ನೋಡಿ. ಇಂಥ ಗಾಯ ಎಷ್ಟೇ ಚಿಕ್ಕದಿರಲಿ, ಅವತ್ತೇ ತೋರಿಸಿ.

ಪಥ್ಯ ಏನು? ಮೊಟ್ಟೆ, ಬೇಳೆ, ಬದನೆಕಾಯಿ ತಿಂದರೆ ಕೀವಾಗುತ್ತದಂತೆ.

ಕೀವು ಕ್ರಿಮಿಯಿಂದ ಆಗುವುದು, ಬದನೆಕಾಯಿಯಿಂದ ಅಲ್ಲ. ಹೊಸ ಚರ್ಮ ಕಟ್ಟಲು ಮೈಗೆ ಪ್ರೋಟೀನ್ ಬೇಕು. ಗಂಜಿ, ಬ್ರೆಡ್ ಮೇಲೆಯೇ ಹದಿನೈದು ದಿನ ಇಟ್ಟರೆ ಗಾಯ ಆರುವುದು ನಿಧಾನವಾಗುತ್ತದೆ. ಮೊಟ್ಟೆ, ಬೇಳೆ, ಹಾಲು, ಮೊಸರು, ಕಡಲೆಕಾಯಿ, ಮೀನು, ಏನು ರೂಢಿಯೋ ಅದನ್ನು ಧಾರಾಳವಾಗಿ ಕೊಡಿ.

ಕಲೆ ಹೋಗುತ್ತಾ?

ಮೇಲುಮೇಲಿನ ಗಾಯದ ಕಲೆ ಬಹುಮಟ್ಟಿಗೆ ಹೋಗುತ್ತದೆ, ತಿಂಗಳುಗಳು ಬೇಕು. ಹೊಸ ಚರ್ಮ ಬಿಸಿಲಿಗೆ ಬೇಗ ಕಪ್ಪಾಗುತ್ತದೆ, ಸುಮಾರು ಒಂದು ವರ್ಷ ತುಂಬುತೋಳಿನ ಬಟ್ಟೆ ಹಾಕಿ ಅಥವಾ ಸನ್‌ಸ್ಕ್ರೀನ್ ಹಚ್ಚಿ. ನವೆ ಬರುತ್ತದೆ, ಕೆರೆಯಬೇಡಿ, ದಿನಕ್ಕೆ ಎರಡು ಮೂರು ಸಲ ಕೊಬ್ಬರಿ ಎಣ್ಣೆ ಮೆಲ್ಲಗೆ ತಿಕ್ಕಿ. ಗಾಯ ಪೂರ್ತಿ ಮುಚ್ಚಿದ ಮೇಲೆ ಮಾತ್ರ.

ಮೂರು ವಾರ ದಾಟಿಯೂ ಆರದ ಗಾಯ ಉಬ್ಬಿದ ಗಟ್ಟಿ ಕಲೆಯಾಗುವ ಸಾಧ್ಯತೆ ಜಾಸ್ತಿ. ಅದಕ್ಕೆ ಸಿಲಿಕೋನ್ ಹಾಳೆ, ಬಿಗಿ ಉಡುಪು ಇವೆ, ಪ್ಲಾಸ್ಟಿಕ್ ಸರ್ಜನ್ ಹತ್ತಿರ ತಡಮಾಡದೆ ಹೋಗಿ. ಮೊಣಕೈ, ಬೆರಳು, ಕತ್ತಿನ ಗಾಯ ಆರುವಾಗ ಚರ್ಮ ಎಳೆದುಕೊಂಡು ಮಡಚಿದ್ದು ಮಡಚಿದ ಹಾಗೇ ನಿಲ್ಲುತ್ತದೆ. ನೋವಾಗುತ್ತದೆ ಅಂತ ಮಗುವಿನ ಕೈ ಮಡಚಿಯೇ ಇಡಬೇಡಿ. ಫಿಸಿಯೋಥೆರಪಿಯವರು ಹೇಳಿಕೊಟ್ಟ ಹಾಗೆ ದಿನಾ ನೀಡಿಸಿ, ಮಗು ಅತ್ತರೂ ಸರಿ.